ಉಸಿರಿನ ಮೇಲೆ ಕೊಟ್ಟ ಮಾತು

ಟುನಾಪುನಾ, ಟ್ರಿನಿಡಾಡ್
ಅಕ್ಟೋಬರ್ ೧೪, ಮಂಗಳವಾರ

ನನ್ನ ಮುದ್ದಿನ ತಂಗಿ ಕ್ಲಾರಿಸ್‌ಗೆ,

ಮಂಡಿನೋವು ಹೇಗಿದೆ? ಲಂಡನ್ನಿನಲ್ಲಿ ಚಳಿ ಶುರುವಾಗಿರಬೇಕು. ನಾನು ಕಳಿಸಿದ ಜಾಯಿಕಾಯಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಿಕೋ, ವಾಸನೆ ಅಂತ ಮೂಗು ಮುರಿಯಬೇಡ. ನಾನು ಹೇಗೋ ಇದ್ದೇನೆ. ಹಿತ್ತಲ ಬೆಣ್ಣೆಹಣ್ಣಿನ ಮರ ಈ ಸಲ ಕೊಂಬೆ ಬಾಗುವಷ್ಟು ಬಿಟ್ಟಿದೆ. ಉಪ್ಪು ಹಚ್ಚಿ ಮರದಡಿಯಲ್ಲೇ ತಿಂದು ಮುಗಿಸುವವಳು ನೀನು, ನೀನೇ ಇಲ್ಲ.

ಪ್ರತಿ ಪತ್ರದಲ್ಲೂ ನೀನು ಕೇಳುತ್ತಿದ್ದ ಸುದ್ದಿ ಕೊನೆಗೂ ಬಂತು. ವಿಶ್ವವಿದ್ಯಾಲಯದವರು ನನಗೆ ಚಾಪ್ಲೆನ್ ಮಾನ್ಯತೆ ಕೊಟ್ಟರು. ಅಲ್ಲಿ ಓದುವ ಯಾವ ಮತದ ಮಗು ದುಃಖದಲ್ಲಿ ಬಂದರೂ ಜೊತೆಗೆ ಕೂರುವ ಕೆಲಸ. ಅದಕ್ಕೆಂದೇ ಇರುವ ಕೋಣೆಯ ಬಾಗಿಲ ಮೇಲೆ ಪಾದ್ರಿ, ಇಮಾಮ್, ಪಂಡಿತರ ಹೆಸರುಗಳ ಕೆಳಗೆ ಈಗ ನನ್ನದೂ ಇದೆ: ತಾಯಿ ಐವರೀನ್ ಕಾರಿಂಗ್ಟನ್, ಸ್ಪಿರಿಚುವಲ್ ಬ್ಯಾಪ್ಟಿಸ್ಟ್. ಸಭೆಯಲ್ಲಿ ಹೇಳಿದಾಗ ನಮ್ಮ ಮುದುಕಿಯರೆಲ್ಲ ಅತ್ತುಬಿಟ್ಟರು. ಅಳದೆ ಇರುತ್ತಾರೆಯೇ? ಪವಿತ್ರಾತ್ಮ ಮೈಮೇಲೆ ಇಳಿದಾಗ ಎದೆಯಾಳದಿಂದ ಎದ್ದು ಬರುವ ಆ ಉಸಿರಿಗಾಗಿಯೇ ತಾನೇ, ನಮ್ಮ ಪೂಜೆಗೆ ಸರ್ಕಾರದ ನಿಷೇಧವಿದ್ದ ಕಾಲದಲ್ಲಿ, ನಮ್ಮಜ್ಜಿಯನ್ನು ಪೊಲೀಸರು ಬರಿಗಾಲಲ್ಲಿ ಠಾಣೆಗೆ ನಡೆಸಿಕೊಂಡು ಹೋದದ್ದು. ಗಂಟೆ ಬಾರಿಸುವ ಸಿಲ್ವಾನ್ ಮಾತ್ರ ಎಂದಿನಂತೆ ಕಾಲೆಳೆದ: “ಕೊರಳಿಗೆ ವಿಶ್ವವಿದ್ಯಾಲಯದ ಬಿಲ್ಲೆ ಬಂತು. ಇನ್ಮೇಲೆ ತಾಯಿಯವರು ನಮ್ಜೊತೆ ಚಪ್ಪಲಿ ಬಿಟ್ಟು ನಿಲ್ತಾರೋ ಇಲ್ವೋ.” ನಾನೂ ನಕ್ಕೆ.

ಅದು ಸುಮ್ಮನೆ ಬರಲಿಲ್ಲ, ಕ್ಲಾರಿಸ್. ತರಬೇತಿಯ ಕೊನೆಗೆ ಒಂದು ಮಗುವಿನ ಜೊತೆ ನಾನು ಕೂರಬೇಕಿತ್ತು, ನಮಗೆ ಕಲಿಸಿದ ರೆವರೆಂಡ್ ಮೊಹಿಪ್ ಮೂಲೆಯಲ್ಲಿ ಕೂತು ನೋಡಬೇಕಿತ್ತು. ಬಂದವಳು ಇಂದ್ರಾಣಿ, ಪೆನಾಲ್ ಕಡೆಯ ಹಿಂದೂ ಹುಡುಗಿ. ಅವಳ ಅಮ್ಮ ತೀರಿಕೊಂಡಾಗಿನಿಂದ ಒಂದು ಹನಿ ಕಣ್ಣೀರೂ ಬಂದಿರಲಿಲ್ಲವಂತೆ. ಕಲಿಸಿದ ಹಾಗೆಯೇ ಕೂತೆ. ಕೈ ಮಡಿಲಲ್ಲಿ, ಬಾಯಿ ಮುಚ್ಚಿ, ಅವರಾಗಿ ಕೇಳದೆ ಪ್ರಾರ್ಥನೆ ಇಲ್ಲ. ಅವಳು ಗೋಡೆ ನೋಡುತ್ತಾ, “ಈ ದೀಪಾವಳಿಗೆ ನಮ್ಮನೇಲಿ ದೀಪ ಹಚ್ಚೋ ಹಾಗಿಲ್ಲ, ತಾಯಿ. ಬೀದಿಯೆಲ್ಲ ಹಚ್ಚುತ್ತೆ,” ಅಂದಳು. ಅಷ್ಟೇ. ನನಗೆ ಉಸಿರು ಬಂದುಬಿಟ್ಟಿತು. ಹೊಟ್ಟೆಯಿಂದ ಎದ್ದು, ಗಂಟಲಲ್ಲಿ ತಾಳ ಹಿಡಿದು, ನಮ್ಮವರಿಗೆ ಬರುವ ಹಾಗೆಯೇ. ಹುಡುಗಿ ಬೆಚ್ಚಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟು, ನನ್ನ ಲಂಗವೆಲ್ಲ ನೆನೆಯುವಷ್ಟು ಅತ್ತಳು.

ಅವಳು ಹೋದ ಮೇಲೆ ಮೊಹಿಪ್ ನನಗೆ ನೀರು ತಂದುಕೊಟ್ಟರು. “ಆ ಹುಡುಗಿಗೆ ಒಳ್ಳೇದೇ ಆಯ್ತು, ನಾನೇ ಕಣ್ಣಾರೆ ನೋಡ್ದೆ. ನಾಳೆ ಇನ್ನೊಂದು ಮಗು ಹೆದರಿ ಓಡಿದ್ರೆ? ಕೇಳದವರ ಮೇಲೆ ನಮ್ಮ ಪೂಜೆ ಹೇರೋ ಹಾಗಿಲ್ಲ, ತಾಯಿ.” ಅದು ನಾನು ಮಾಡುವುದಲ್ಲ, ತಾನಾಗಿ ಬರುವುದು ಎಂದೆ. “ಬಂದಾಗ ತಡೀತೀನಿ ಅಂತ ಮಾತು ಕೊಡಿ,” ಅಂದರು. ಒಳ್ಳೆಯ ಮನುಷ್ಯ, ಹೇಳಿದ್ದೂ ಸರಿ. ಬೈದು ಹಗುರಾಗೋಣವೆಂದರೆ ಅದಕ್ಕೂ ದಾರಿಯಿಲ್ಲ. ಹೆಸರುಗಳಿದ್ದ ಆ ಬಾಗಿಲು ನೆನಪಾಯಿತು, ಅಜ್ಜಿ ನೆನಪಾದಳು. ಮಾತು ಕೊಟ್ಟೆ. ಮರುವಾರ ಒಬ್ಬ ಹುಡುಗನೆದುರು ಉಸಿರು ಮತ್ತೆ ಬಂತು. ಹಲ್ಲು ಕಚ್ಚಿ, ಕುರ್ಚಿ ಬಿಗಿಹಿಡಿದು ತಡೆದೆ. ಮನೆಗೆ ಬಂದವರನ್ನು ಹೊಸ್ತಿಲಿನಿಂದಲೇ ವಾಪಸು ಕಳಿಸಿದ ಹಾಗಾಯಿತು.

ಅಳಿಯಂದಿರಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಮುಟ್ಟಿಸು. ಹೊರಗೆ ಹೋಗುವಾಗ ಕಿವಿ ಮುಚ್ಚಿಕೋ. ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ಅಕ್ಕ,
ಐವರೀನ್

ತಾ.ಕ.: ಹೇಳಬಾರದೆಂದಿದ್ದೆ, ತಡೆಯಲಾಗುತ್ತಿಲ್ಲ. ಭಾನುವಾರ ಸಿಲ್ವಾನ್ ಗಂಟೆ ಬಾರಿಸಿದಾಗ ಸಭೆಯಲ್ಲಿ ಎಲ್ಲರಿಗೂ ಉಸಿರು ಬಂತು, ನನಗೆ ಬರಲಿಲ್ಲ. ಉಸಿರು ಬಂದವಳ ಹಾಗೆ ತೂಗಾಡಿದೆ. ಯಾರಿಗೂ ಗೊತ್ತಾಗಲಿಲ್ಲ. ಈವತ್ತು ಬೆಳಿಗ್ಗೆ ಇಂದ್ರಾಣಿ ಬಂದಿದ್ದಳು, ಮುಂದಿನ ವಾರ ದೀಪಾವಳಿಯಲ್ಲವೇ. “ಅವತ್ತಿನ ಹಾಗೆ ಒಂದ್ಸಲ, ತಾಯಿ,” ಅಂದಳು. ಅವಳಾಗಿಯೇ ಕೇಳಿದಳು ಕ್ಲಾರಿಸ್, ಕೇಳಿದರೆ ಮಾಡಬಹುದು. ಕಣ್ಣು ಮುಚ್ಚಿ ಕಾದೆ. ಅವಳೂ ಕಾದಳು. ಮೇಜಿನ ಮೇಲಿದ್ದ ಬಿಸಿಲು ನೆಲಕ್ಕೆ ಇಳಿಯಿತು. ಕೊನೆಗೆ ಅವಳೇ ನನ್ನ ಕೈ ಸವರಿ, “ಪರವಾಗಿಲ್ಲ ಬಿಡಿ, ತಾಯಿ,” ಅಂದು ಬಾಗಿಲು ಮೆತ್ತಗೆ ಎಳೆದುಕೊಂಡು ಹೋದಳು.