ಬೆಳಗಿನ ಕಫ

೧೭ ಜನವರಿ ೨೦೦೫, ರೋಣ

ದವಾಖಾನೆಯ ಲ್ಯಾಬಿನಲ್ಲಿ ಮತ್ತೆ ಕರೆಂಟ್ ಇಲ್ಲ. ಮೈಕ್ರೋಸ್ಕೋಪ್ ಕಿಟಕಿಗೆ ಎಳೆದುಕೊಂಡು ಬಿಸಿಲಲ್ಲಿ ಸ್ಲೈಡ್ ನೋಡಿದೆ. ಜಕ್ಕಲಿಯ ಅಜ್ಜ ಡಬ್ಬಿ ತುಂಬ ಉಗುಳು ತಂದಿದ್ದ. ಕಫ ಬೇಕು, ಉಗುಳಲ್ಲ ಅಂದರೆ, “ಎರಡೂ ಬಾಯಾಗಿಂದನ ಬರ್ತಾವಲ್ರಿ ಅಕ್ಕಾರ” ಅಂದ. ಹೇಳಿ ಹೇಳಿ ನನ್ನ ಬಾಯೇ ಒಣಗಿದೆ.

ನಾಳೆ ನಮ್ಮಣ್ಣ ಯಮನೂರನ ಕಫ ಪರೀಕ್ಷೆ. ಟಿ.ಬಿ. ಗುಳಿಗೆ ಶುರು ಮಾಡಿ ಎರಡು ತಿಂಗಳಾಯಿತು. ರೋಗ ಗೊತ್ತಾದ ದಿನವೇ ಅಣ್ಣನ ಮಾವ ಹೇಮಪ್ಪ ಬಂದು ಮಗಳನ್ನು, ಅಂದರೆ ನಮ್ಮ ವೈನಿಯನ್ನು, ಮೊಮ್ಮಗಳು ಗಂಗಿಯನ್ನೂ ತನ್ನೂರು ಪುರ್ತಗೇರಿಗೆ ಕರೆದೊಯ್ದ. “ಕಫ ಸ್ವಚ್ಛ ಆಗ್ಲಿ, ಕಳಸ್ತೇನಿ” ಅಂದಿದ್ದಾನೆ. ಗಂಗಿಗೆ ವರ್ಷ ತುಂಬಿತು. ಅವ್ವ ಆಗಲೇ ತೊಟ್ಟಿಲು ಒರೆಸಿ ಇಟ್ಟಿದ್ದಾಳೆ.

೧೯ ಜನವರಿ

ನಿನ್ನೆ ಅಣ್ಣ ದವಾಖಾನೆಯಲ್ಲೇ ಕೊಟ್ಟ ಕಫದಲ್ಲಿ ಏನೂ ಇಲ್ಲ. ಕುಣಿಯುವಷ್ಟು ಖುಷಿ. ಇವತ್ತು ಮನೆಯಿಂದ ನಾನೇ ಬೆಳಗಿನ ಕಫ ಒಯ್ದೆ. ಬಣ್ಣ ಹಾಕಿ, ಆಸಿಡ್‌ನಲ್ಲಿ ತೊಳೆದು, ನೀಲಿ ಹಾಕಿ ನೋಡಿದರೆ... ಎಲ್ಲೆಲ್ಲೂ ಕೆಂಪು ಕಡ್ಡಿಗಳು. ಟಿ.ಬಿ. ಕ್ರಿಮಿ. ತ್ರೀ ಪ್ಲಸ್, ಅದಕ್ಕಿಂತ ಮೇಲಿನ ಲೆಕ್ಕವೇ ಇಲ್ಲ. ಇನ್ನೊಂದು ಸ್ಲೈಡ್ ಮಾಡಿದೆ. ಅದೇ. ಒಬ್ಬನದೇ ಎದೆ, ಒಂದೇ ದಿನಕ್ಕೆ ಇಷ್ಟು ಫರಕು? ನನ್ನ ಕೈ ಮೇಲೆ ನನಗೇ ಅನುಮಾನ.

ಡಾಕ್ಟರು ಹೇಳಿದರು, ಒಂದು ಪಾಸಿಟಿವ್ ಬಂದರೂ ಪಾಸಿಟಿವ್. ಇನ್ನೊಂದು ತಿಂಗಳು ಅದೇ ಗುಳಿಗೆ. ಅಣ್ಣ ತನ್ನ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗಿ ಒಳಗಿಂದ ಬಾಗಿಲು ಎಳೆದುಕೊಂಡ.

೨೩ ಜನವರಿ

ಹೇಮಪ್ಪನಿಗೆ ಫೋನ್ ಮಾಡಿದೆ. “ಹಂಗಾದ್ರ ಈಗ ಬ್ಯಾಡ ಬಿಡವಾ ಮಹೇಶ್ವರಿ” ಅಂದ. ಅವನದೇನೂ ತಪ್ಪಿಲ್ಲ. ಆದರೂ ಸಿಟ್ಟು ಬಂತು. ಅವನ ಹಿಂದೆ ಕೂಸು ಅಳುವುದು ಕೇಳಿಸಿತು.

“ಯಾಕ್ರಿ ಅಷ್ಟ ಅಳಾಕತ್ತೈತಿ?”

“ಹಲ್ಲು ಬರಾಕತ್ತಾವ. ಉಣವಲ್ದು, ಭಾಳ ಸೊರಗೈತಿ.”

ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. ಕೇಳಿದರೆ ಮುಖ ತಿರುಗಿಸುತ್ತಾಳೆ.

೨೪ ಜನವರಿ, ಸಂಜೆ

ಅವ್ವ ರೊಟ್ಟಿ ಬಡಿಯುತ್ತಾ ಹೇಳಿದಳು. “ಆ ಕಫ ನಿಮ್ಮಣ್ಣಂದಲ್ಲವಾ. ನಂದು.”

ಆ ಬೆಳಿಗ್ಗೆ ಅಣ್ಣ ಎಷ್ಟು ಕೆಮ್ಮಿದರೂ ಕಫ ಬರಲಿಲ್ಲವಂತೆ. ಡಬ್ಬಿ ಅಲ್ಲೇ ಇಟ್ಟು ಜಳಕಕ್ಕೆ ಹೋದ. “ಖಾಲಿ ಡಬ್ಬಿ ಹೋದ್ರ ರಿಪೋರ್ಟ್ ಕೊಡಂಗಿಲ್ಲ, ಸೊಸಿ ಬರಂಗಿಲ್ಲ ಅಂದ್ಕೊಂಡೆ. ನನಗೇನಾಗೈತಿ, ಬರೇ ತಂಬಾಕಿನ ಕೆಮ್ಮು. ನಾನ ಕೆಮ್ಮಿ ತುಂಬಿಸಿ ನಿನ್ನ ಚೀಲದಾಗ ಇಟ್ಟೆ.”

ಅಣ್ಣನಿಗೆ ಕಫ ಬರದಿದ್ದದ್ದು ಅವನು ಗುಣವಾಗಿದ್ದಕ್ಕೆ! ಆ ಕೆಂಪೆಲ್ಲ ಅವ್ವನದು.

ಅವಳ ಕೆಮ್ಮು ಇವತ್ತಿನದಲ್ಲ. ಅಣ್ಣ ಹಾಸಿಗೆ ಹಿಡಿಯುವ ಮೊದಲಿನಿಂದಲೂ ಇದೆ. ಊರ ಮಂದಿ ಕೆಮ್ಮಿದರೆ ಡಬ್ಬಿ ಕೊಡುವವಳು ನಾನು, ಮನೆಯ ಕೆಮ್ಮು ಕೇಳಿಸಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚು ಹೆದರಿಕೆ. ಗಂಗಿ ಹುಟ್ಟಿದಾಗಿನಿಂದ ಮಲಗಿದ್ದು ಅವ್ವನ ಸೆರಗಿನಲ್ಲಿ.

೨೭ ಜನವರಿ

ಅವ್ವನ ಮೂರೂ ಸ್ಲೈಡ್ ಪಾಸಿಟಿವ್. ಮನೆಗೆ ಬಂದು ಅಣ್ಣನಿಗೆ ತಮ್ಮೆದುರಿಗೇ ಗುಳಿಗೆ ನುಂಗಿಸುವ ಮೋದಿನಸಾಬರು ಅವಳ ಹೆಸರಿನ ಗುಳಿಗೆ ಪೆಟ್ಟಿಗೆಯನ್ನೂ ತಂದರು. “ನಿಮ್ಮವ್ವ ಆರಾಮ ಆಗ್ತಾರ, ಹೆದರಬ್ಯಾಡ್ರಿ. ಮೊದ್ಲ ಆ ಕೂಸಿನ್ನ ಲಗೂ ತೋರಸ್ರಿ.”

ಕೂಸನ್ನು ಕರೆತರಲು ಅಣ್ಣ ಪುರ್ತಗೇರಿಗೆ ಹೋಗಿದ್ದಾನೆ.

೩ ಫೆಬ್ರುವರಿ, ಹುಬ್ಬಳ್ಳಿ

ಗಂಗಿಯನ್ನು ಇಲ್ಲಿಯ ದೊಡ್ಡ ದವಾಖಾನೆಗೆ ಸೇರಿಸಿದ್ದೇವೆ. ಕಣ್ಣು ಮೇಲೆ ಮಾಡುತ್ತಾಳೆ. ಕುತ್ತಿಗೆ ಕಟ್ಟಿಗೆಯಾಗಿದೆ. ರೋಗ ಮೆದುಳಿಗೆ ಏರಿದೆ ಅನ್ನುತ್ತಾರೆ. ಬೆನ್ನಿನಿಂದ ನೀರು ತೆಗೆದರು. ಲ್ಯಾಬಿನವನನ್ನು ಕೇಳಿದೆ.

“ಸ್ಲೈಡಿನ್ಯಾಗ ಸಿಗೂದು ಕಷ್ಟ ಅನ್ನೂದು ನಿಮಗೂ ಗೊತ್ತೈತಲ್ರಿ ಮೇಡಂ. ಕಲ್ಚರ್‌ಗೆ ಹಾಕೇವಿ.”

ಗೊತ್ತಿದೆ. ಕ್ರಿಮಿ ಬೆಳೆದು ಕಣ್ಣಿಗೆ ಕಾಣಲು ವಾರಗಟ್ಟಲೆ ಬೇಕು. ಅದಕ್ಕೆ ಕಾಯದೆ ಔಷಧ ಶುರು ಮಾಡಿದ್ದಾರೆ, ಪುಣ್ಯ. ವೈನಿ ನನ್ನ ಜೊತೆ ಮಾತಾಡುತ್ತಿಲ್ಲ.

೧೧ ಫೆಬ್ರುವರಿ

ಮುಗಿಯಿತು. ಗಂಗಿಯನ್ನು ಪುರ್ತಗೇರಿಯಲ್ಲೇ ಮಣ್ಣು ಮಾಡಿದರು. ಅವ್ವನನ್ನು ಬರಬೇಡ ಅಂದರು.

೨೨ ಮಾರ್ಚ್

ಹುಬ್ಬಳ್ಳಿಯಿಂದ ಫೋನ್. ಕಲ್ಚರ್ ಬೆಳೆದಿದೆಯಂತೆ. ಟಿ.ಬಿ.ಯೇ. ಈಗ ಯಾರಿಗೆ ಬೇಕಾಗಿತ್ತು?

ಅವ್ವ ಹೊಸ್ತಿಲಲ್ಲಿ ಕೂತು ಕೇಳಿಸಿಕೊಂಡಳು. “ಕೂಸಿಗೆ ಹತ್ತಿದ್ದು ನಂದೋ, ನಿಮ್ಮಣ್ಣಂದೋ... ಆ ಗಾಜಿನ್ಯಾಗ ಕಾಣತೈತೇನು?”

“ಇಲ್ಲವಾ. ಎಲ್ಲಾ ಒಂದ ಥರಾ ಕೆಂಪಗ ಇರತಾವ.”

ಅಷ್ಟು ಖರೆ. ದೊಡ್ಡ ಲ್ಯಾಬುಗಳಲ್ಲಿ ಕ್ರಿಮಿಯ ಡಿ.ಎನ್.ಎ. ತೆಗೆದು, ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೋಲಿಸಿ ನೋಡುತ್ತಾರೆ ಅಂತ ಟ್ರೇನಿಂಗ್‌ನಲ್ಲಿ ಹೇಳಿದ್ದರು. ಹೋಲಿಸಿದರೆ ಮೂವರದೂ ಒಂದೇ ಅಂತ ಬಂದೀತು. ಮೊದಲು ಕೆಮ್ಮಿದವಳು ಅವ್ವ, ಅಣ್ಣನಿಗೂ ಅವಳಿಂದಲೇ ಬಂದದ್ದು ಅಂತಾದೀತು. ಅದನ್ನು ಹೇಳಲಿಲ್ಲ. ಸಾಯುವ ತನಕ ಹೇಳುವುದಿಲ್ಲ.

೨೩ ಮಾರ್ಚ್, ಬೆಳಿಗ್ಗೆ

ಒಲೆಯ ಬೂದಿ ತೆಗೆಯುವಾಗ ಗುಳಿಗೆಗಳು ಸಿಕ್ಕವು. ಅವ್ವನವು. ಮೋದಿನಸಾಬರ ಎದುರು ನುಂಗಿದಂತೆ ಮಾಡಿ, ಅವರು ಹೋದ ಮೇಲೆ ಉಗುಳುತ್ತಿದ್ದಾಳೆ. ಎಂದಿನಿಂದಲೋ... ಕೂಸನ್ನು ಮಣ್ಣು ಮಾಡಿದಾಗಿನಿಂದ ಇರಬೇಕು.

ಯಾಕೆ ಅಂದೆ.

“ಕೂಸನ್ನ ತಿಂದಾಕಿಗೆ ಗುಳಿಗಿ ಯಾಕವಾ?”

ಬೈದೆ, ಅತ್ತುಬಿಟ್ಟೆ. ಅಣ್ಣ ಗುಳಿಗೆ, ತಂಬಿಗೆಯಲ್ಲಿ ನೀರು ಹಿಡಿದು ಅವಳ ಕಾಲ ಬಳಿ ಕೂತಿದ್ದಾನೆ. ಅವಳು ಕಚ್ಚಿದ ಹಲ್ಲು ಸಡಿಲಿಸುತ್ತಿಲ್ಲ. ಮೋದಿನಸಾಬರಿಗೆ ಹೇಳಿಕಳಿಸಿದ್ದೇನೆ, ಇನ್ನೂ ಬಂದಿಲ್ಲ. ಒಳಗೆ ಮತ್ತೆ ಕೆಮ್ಮುತ್ತಿದ್ದಾಳೆ. ಅಣ್ಣ ಕೂಗುತ್ತಿದ್ದಾನೆ, ರಕ್ತ, ಮಹೇಶ್ವರಿ, ರಕ್ತ —