ಕುಂಕುಮ ಇಟ್ಟ ಹದಿನಾರು ಪದಗಳು

ಬೆಟಗೇರಿ, ಕ್ರಿ.ಶ. ೨೨೬೮
ಹದಿಮೂರನೆಯ ತಿಂಗಳ ಮೂವತ್ತಮೂರನೆಯ ದಿನ

ಎಂಟನೆಯ ತರಗತಿ, 'ಬ' ವಿಭಾಗದ ಸೃಷ್ಟಿ ಹೂಗಾರ ಎಂಬ ತಂಗಿಗೆ,

ಮೇಲಿನ ತಾರೀಖು ನೋಡಿ ನಗಬೇಡ. ನಿನ್ನ ಕ್ಯಾಲೆಂಡರಿನಲ್ಲಿ ಇಂಥ ದಿನವೇ ಇಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಡಿಸೆಂಬರ್ ಮುಗಿದ ಮೇಲೆ ಅರ್ಜಿತಿಂಗಳು ಎಂಬುದೊಂದು ಬರುತ್ತದೆ. ಉಳಿದ ತಿಂಗಳುಗಳಿಂದ ಎರಡೆರಡು ಮೂರು ಮೂರು ದಿನ ಕಿತ್ತು ಅದಕ್ಕೆ ಮೂವತ್ತನಾಲ್ಕು ದಿನ ಕೊಟ್ಟಿದ್ದಾರೆ. ಊರವರು ಅರ್ಜಿ ಬರೆಸುವುದು ಆ ತಿಂಗಳಿನಲ್ಲಿ ಮಾತ್ರ. ನಾಳೆ ಅದರ ಕೊನೆಯ ದಿನ, ಬೆಳಗ್ಗೆ ಅಂಚೆಗಾಡಿ ಹೊರಡುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ಕಾಲದ ಬರವಣಿಗೆಯ ಕನ್ನಡವನ್ನು ನಾನು ಕಷ್ಟಪಟ್ಟು ಕಲಿತವಳು. ಮೂರು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಬರೆಯುತ್ತ ಬರೆಯುತ್ತ ನಾಲ್ಕು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆ.

ನನ್ನ ಹೆಸರು ಹಾಲವ್ವ. ಕಸುಬು ಬಾಲಗಾರಿಕೆ. ಇದನ್ನು ನಿನಗೆ ಬಿಡಿಸಿ ಹೇಳಬೇಕು. ಈಗ ಇಂಗ್ಲಿಷನ್ನು ಯಾರೂ ಆಡುವುದಿಲ್ಲ, ಬರೆಯುತ್ತಾರೆ ಅಷ್ಟೆ, ಅದೂ ಕಡಲಮಂಡಳಿಗೆ ಮಾತ್ರ. ಸಮುದ್ರದ ನೀರನ್ನು ಸಿಹಿ ಮಾಡಿ ಊರೂರಿಗೆ ಹರಿಸುವ ಮಂಡಳಿ ಅದು, ನೀರು ಅದರ ಕೈಯಲ್ಲಿರುವುದರಿಂದ ಬೇಕಾದ್ದಕ್ಕೆಲ್ಲ ಅದನ್ನೇ ಬೇಡಬೇಕು. ಯಂತ್ರಗಳು ಬರೆದ ಕೋಟಿಗಟ್ಟಲೆ ಅರ್ಜಿ ನೋಡಿ ಬೇಸತ್ತ ಮಂಡಳಿಯವರು ಒಂದು ಕಟ್ಟಳೆ ಮಾಡಿದರು: ಅರ್ಜಿಯನ್ನು ಮನುಷ್ಯರೇ ಕೈಯಲ್ಲಿ ಬರೆಯಬೇಕು, ತಪ್ಪಿಲ್ಲದೆ ಬರೆಯಬೇಕು, ಒಂದು ಮನೆಗೆ ಜೀವಮಾನದಲ್ಲಿ ಮೂರೇ ಅರ್ಜಿ. ತಪ್ಪಿದ್ದರೆ ಓದದೆ ಹಿಂದಕ್ಕೆ ಕಳಿಸುತ್ತಾರೆ. ಏನು ತಪ್ಪು ಎಂದು ಮಾತ್ರ ಹೇಳುವುದಿಲ್ಲ.

ಇಂಗ್ಲಿಷಿನ ಉಳಿದ ಅಂಗಾಂಗಗಳನ್ನು ಹೇಗೋ ಹೊಂದಿಸಿಕೊಂಡಿದ್ದೇವೆ. ಜೀವ ತಿನ್ನುವುದು ಕ್ರಿಯಾಪದ ಆದ ಮೇಲೆ ಬಂದು ನಿಲ್ಲುವ ಚಿಕ್ಕ ಪದ. ನಮ್ಮ ಭಾಷೆಯಲ್ಲಿ 'ಮನೆಗೆ', 'ಮನೆಯಿಂದ' ಎಂದು ಎಲ್ಲವೂ ಹೆಸರಿಗೇ ಅಂಟಿಕೊಂಡು ಸುಮ್ಮನಿರುತ್ತದೆ. ಅಲ್ಲಿ ಹಾಗಲ್ಲ. ಒಂದು ಕ್ರಿಯೆಗೆ 'ಟು' ಬೇಕು, ಇನ್ನೊಂದಕ್ಕೆ 'ಫಾರ್' ಬೇಕು, ಯಾಕೆ ಎಂದು ಕೇಳುವ ಹಾಗಿಲ್ಲ. ಅವನ್ನು ನಾವು ಬಾಲಪದ ಎನ್ನುತ್ತೇವೆ. ಅರ್ಜಿ ಬರೆಯುವವರು ಕ್ರಿಯಾಪದದ ಮುಂದೆ ಜಾಗ ಬಿಟ್ಟು ನನ್ನ ಬಳಿ ತರುತ್ತಾರೆ, ನಾನು ಬಾಲ ಕೂರಿಸಿ ಕೊಡುತ್ತೇನೆ. ಬಾಲ ಹಚ್ಚಾಕಿ ಬಂದಳು ಎಂದು ಓಣಿಯವರು ಎದುರಿಗೇ ಚೇಷ್ಟೆ ಮಾಡುತ್ತಾರೆ, ಅರ್ಜಿತಿಂಗಳು ಬಂದರೆ ಅವರೇ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.

ಯಾವ ಬಾಲ ಸರಿ ಎಂದು ತಿಳಿಯಲು ನಮಗಿರುವುದು ಒಂದೇ ಆಧಾರ. ಅದು ನಿನ್ನ ನೋಟ್‌ಬುಕ್ಕು. ನಿನ್ನ ಕಾಲದ ಪುಸ್ತಕಗಳೆಲ್ಲ ಗಾಜಿನ ಹಲಗೆಗಳೊಳಗಿದ್ದವಂತೆ, ಹಲಗೆಗಳು ಕಪ್ಪಾದ ಮೇಲೆ ಒಂದೂ ಉಳಿಯಲಿಲ್ಲ. ಕಾಗದದವನ್ನು ಗೆದ್ದಲು ತಿಂದಿತು. ನೂರು ವರ್ಷದ ಹಿಂದೆ ಇದೇ ಓಣಿಯ ಬಿದ್ದ ಮನೆಯೊಂದರಲ್ಲಿ ತಗಡಿನ ಟ್ರಂಕು ಸಿಕ್ಕಿತು. ಅದರೊಳಗೆ ನಿನ್ನ ಹೆಸರಿನ ಉದ್ದ ನೋಟ್‌ಬುಕ್ಕು. ನಾಲ್ಕನೆಯ ಪುಟದಲ್ಲಿ ಇಪ್ಪತ್ತು ಕ್ರಿಯಾಪದ, ಪ್ರತಿಯೊಂದರ ಮುಂದೆ ನೀನು ತುಂಬಿದ ಬಾಲಪದ. ಹದಿನಾರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ, ನಾಲ್ಕಕ್ಕೆ ಏನೂ ಇಲ್ಲ. ಪುಟದ ಮೂಲೆಯಲ್ಲಿ ಅದೇ ಕೆಂಪಿನಲ್ಲಿ ನಾಲ್ಕು, ಒಂದು ಗೆರೆ, ಇಪ್ಪತ್ತು.

ನಮ್ಮಲ್ಲಿ ಕೆಂಪು ಎಂದರೆ ಕುಂಕುಮ. ಹಿರಿಯರ ಹೆಸರು, ಮದುವೆಯ ಓಲೆ, ಕೂಸಿನ ಜಾತಕ, ಇವಿಷ್ಟಕ್ಕೇ ಕೆಂಪು ಶಾಯಿ. ಆದ್ದರಿಂದ ಸುತ್ತು ಹಾಕಿದ ಹದಿನಾರನ್ನು ಕುಂಕುಮದ ಪದಗಳೆಂದು ಕರೆದು ಅರ್ಜಿಗಳಲ್ಲಿ ಬಳಸಿದೆವು. ಉಳಿದ ನಾಲ್ಕು ಬೋಳು ಪದಗಳು, ದೊಡ್ಡವರಿಗೆ ಬರೆಯುವಾಗ ಅವು ನಿಷಿದ್ಧ. ಮೂಲೆಯ ಅಂಕಿಗಳನ್ನು ಇಪ್ಪತ್ತು ಹೊತ್ತಿಗೆಗಳಲ್ಲಿ ಇದು ನಾಲ್ಕನೆಯದು ಎಂದು ಓದಿದೆವು. ನಮ್ಮಜ್ಜ ಉಳಿದ ಹತ್ತೊಂಬತ್ತನ್ನು ಹುಡುಕುತ್ತ ಲಕ್ಕುಂಡಿ, ಅಣ್ಣಿಗೇರಿ ಎಲ್ಲ ಅಗೆದು, ಒಂದು ರೇಷನ್ ಕಾರ್ಡು ಹಿಡಿದುಕೊಂಡು ಮನೆಗೆ ಬಂದ. ಅರ್ಜಿಗಳು ಹಿಂದಕ್ಕೆ ಬಂದಾಗಲೆಲ್ಲ ನಮ್ಮ ಭಕ್ತಿ ಸಾಲದೆಂದುಕೊಂಡು ಕುಂಕುಮದ ಪದಗಳನ್ನೇ ಇನ್ನಷ್ಟು ಸೇರಿಸಿದೆವು. ನಿನ್ನನ್ನು ಹೂಗಾರ ಆಚಾರ್ಯೆ ಎಂದು ಕರೆಯುತ್ತೇವೆ, ತಂಗಿ. ಈಗ ನಗಬಹುದು.

ನನಗೆ ನಗು ಬರುತ್ತಿಲ್ಲ. ಪಕ್ಕದ ಮನೆಯ ಸಂಕವ್ವ ಮಗ್ಗದ ಕೆಲಸದವಳು. ಅವಳ ಗಂಡ ಫಕೀರಪ್ಪ ಕಾರವಾರದಾಚೆ ಸಮುದ್ರದ ನಡುವೆ ಇರುವ ಉಪ್ಪುಗಟ್ಟೆಗೆ, ಅಂದರೆ ನೀರು ಸಿಹಿ ಮಾಡುವ ಕಟ್ಟೆಗೆ, ಮೂರು ವರ್ಷಕ್ಕೆಂದು ಹೋದವನು. ಹನ್ನೊಂದು ವರ್ಷವಾಯಿತು. ಮನೆಯವರ ಅರ್ಜಿಯನ್ನು ಮಂಡಳಿ ಒಪ್ಪದೆ ಅವನನ್ನು ದೋಣಿ ಹತ್ತಿಸುವುದಿಲ್ಲ. ಎರಡು ಅರ್ಜಿ ವಾಪಸ್ ಬಂದಿವೆ. ಎರಡನ್ನೂ ಬರೆದು ಬಾಲ ಕೂರಿಸಿದವಳು ನಾನೇ, ಎರಡರಲ್ಲೂ ಕುಂಕುಮದ ಪದಗಳನ್ನು ಧಾರಾಳವಾಗಿ ಸುರಿದಿದ್ದೆ. ಉಳಿದಿರುವುದು ಒಂದು.

ಮೂರು ದಿನದ ಹಿಂದೆ ಅವಳು ಅದನ್ನು ಬರೆಸಲು ಬಂದಳು. ಓದು ಬಾರದವಳು. ಇಷ್ಟು ವರ್ಷ ಹೊತ್ತಿಗೆಯನ್ನು ದೂರದಿಂದ ಕೈಮುಗಿದು ನೋಡಿದ್ದಳಷ್ಟೆ. ಕೊನೆಯ ಅರ್ಜಿ ಎಂದು ನಾನೇ ಕರೆದು ಹತ್ತಿರ ಕೂರಿಸಿ ಪುಟ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಹಾಲಕ್ಕಾ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಮಗ್ಗದಾಗ ಎಳಿ ತಪ್ಪಿದ್ದಲ್ಲಿ ಮೇಸ್ತ್ರಿ ಹಿಂಗ ಸುಣ್ಣದ ಸುತ್ತು ಹಾಕತಾನ. ಹಾಕಿದ್ದನ್ನ ನೇಯ್ದಾಕೀನ ಬಿಚ್ಚಿ ಮತ್ತ ನೇಯಬೇಕು. ಸುತ್ತು ಇಲ್ಲದ್ದು ಚಲೋ ಅದ ಅಂತ ಬಿಡತಾನ."

ನನಗೆ ಸಿಟ್ಟು ಬಂತು. ನೂರು ವರ್ಷದ ವಿದ್ಯೆಗೆ ಮಗ್ಗದ ಸುಣ್ಣದ ಮಾತು ತರುತ್ತೀಯಾ ಎಂದು ಬೈದು ಕಳಿಸಿದೆ. ಆಮೇಲೆ ಸುಮ್ಮನೆ ಎಣಿಸಿದೆ. ಸುತ್ತು ಹದಿನಾರು. ಬೋಳು ನಾಲ್ಕು. ಒಟ್ಟು ಇಪ್ಪತ್ತು. ಮೂಲೆಯ ಅಂಕಿ ನೋಡಿದೆ. ಅದು ಹೊತ್ತಿಗೆಯ ಸಂಖ್ಯೆಯಲ್ಲ, ಯಾರೋ ಮೇಡಂ ನಿನಗೆ ಕೊಟ್ಟ ಅಂಕ. ನೀನು ಆಚಾರ್ಯೆಯಲ್ಲ, ಹದಿಮೂರು ವರ್ಷದ ಹುಡುಗಿ. ಇಪ್ಪತ್ತಕ್ಕೆ ನಾಲ್ಕು ತೆಗೆದುಕೊಂಡು ನೋಟ್‌ಬುಕ್ಕನ್ನು ಮನೆಯವರ ಕಣ್ಣಿಗೆ ಬೀಳದಂತೆ ಟ್ರಂಕಿನ ತಳಕ್ಕೆ ತುರುಕಿದವಳು. ನಿನ್ನ ತಪ್ಪುಗಳನ್ನೇ ಆರಿಸಿ ಆರಿಸಿ ನಾವು ಒಂದು ಊರಿನ ಅಳಲನ್ನು ಬರೆದು ಕಳಿಸಿದ್ದೇವೆ. ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಮೇಲೆ ಇದೆ, ಬಹಳ ಇದೆ.

ಮರುದಿನ ನಾನೇ ಸಂಕವ್ವನ ಮನೆಗೆ ಹೋದೆ. ತಪ್ಪಾಯಿತು ಎಂದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಬೈದರೂ ಬೈಯಲಿ ಎಂದುಕೊಂಡಿದ್ದೆ. ಅವಳು ಮಗ್ಗದಿಂದ ಏಳದೆ ಕೇಳಿದಳು: "ಆ ನಾಕರಾಗ ಏನೇನ ಹೇಳಾಕ ಬರತೈತ್ರಿ?"

ಓದಿ ಹೇಳಿದೆ. ವೇಟ್ ಫಾರ್. ಬಿಲಾಂಗ್ ಟು. ಆಸ್ಕ್ ಫಾರ್. ಲಿಸನ್ ಟು. ಅಷ್ಟೇ. ಹಿಂದಿನ ಅರ್ಜಿಗಳು ಆರಾರು ಪುಟ ಇದ್ದವು. ಈ ಸಲ ಮೇಲೆ ಫಕೀರಪ್ಪನ ಹೆಸರು ಬರೆದೆ, ಹೆಸರಿಗೆ ಬಾಲ ಬೇಡ. ಕೆಳಗೆ ನಾಲ್ಕು ಸಾಲು. ಮುಗಿದ ಮೇಲೆ ಅವಳಿಗೆ ಕನ್ನಡದಲ್ಲಿ ಓದಿದೆ: ಅವರು ನಮ್ಮವರು. ನಾನು ಅವರಿಗಾಗಿ ಕಾಯುತ್ತಿದ್ದೇನೆ. ಅವರನ್ನು ಕೊಡಿರೆಂದು ಕೇಳುತ್ತೇನೆ. ನನ್ನ ಮಾತಿಗೆ ಕಿವಿಗೊಡಿ.

"ಹನ್ನೊಂದು ವರ್ಷ ನಾ ಹೇಳಬೇಕಂದಿದ್ದು ಇಷ್ಟ ಐತ್ರಿ," ಎಂದಳು ಸಂಕವ್ವ. "ನೀವ ಉದ್ದ ಮಾಡತಿದ್ರಿ."

ಲಕೋಟೆ ಅಂಟಿಸಿ ಮುಂದೆ ಇಟ್ಟುಕೊಂಡಿದ್ದೇನೆ. ಮಂಡಳಿ ಒಪ್ಪುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದು ಎಷ್ಟು ಕಷ್ಟ ಎಂದು ಈ ಮೂರು ದಿನದಲ್ಲಿ ತಿಳಿಯಿತು.

ನಿನ್ನಲ್ಲಿ ಒಂದು ಬೇಡಿಕೆ ಇದೆ. ಈ ಓಣಿಯಲ್ಲಿ ಇನ್ನೂ ಇಪ್ಪತ್ತೆರಡು ಮನೆಗಳಿಗೆ ಒಂದೊಂದೇ ಅರ್ಜಿ ಉಳಿದಿದೆ. ಅವರಿಗೆಲ್ಲ ನಾಲ್ಕು ಮಾತು ಸಾಲದು. ಒಬ್ಬಳಿಗೆ ಔಷಧ ಬೇಕು, ಒಬ್ಬನಿಗೆ ಸತ್ತ ತಮ್ಮನ ಹೆಣ ಬೇಕು. ಆ ಹದಿನಾರನ್ನು ತಿದ್ದಿ ಬರೆ. ಮೇಡಂ ಸುತ್ತು ಹಾಕಿ ಬಿಟ್ಟಿದ್ದಾರೆ, ಸರಿ ಯಾವುದೆಂದು ಬರೆದಿಲ್ಲ. ನಾಚಿಕೆ ಬಿಟ್ಟು ಹೋಗಿ ಕೇಳು. ಐದನೆಯ ಪುಟ ಖಾಲಿ ಇದೆ. ಈ ಕಾಗದ ನಿನಗೆ ಹೇಗೆ ತಲುಪುತ್ತದೆ ಎಂದು ಕೇಳಬೇಡ. ನಿನ್ನ ಟ್ರಂಕಿನಲ್ಲಿಯೇ ಇಡುತ್ತೇನೆ. ಅದರೊಳಗಿನದು ನಮ್ಮ ತನಕ ಬಂದಿತಲ್ಲ, ನಮ್ಮದೂ ಅತ್ತ ಹೋದೀತು.

ಇನ್ನೊಂದು ಮಾತು. ಇಪ್ಪತ್ತಕ್ಕೆ ನಾಲ್ಕು ಬಂದ ದಿನ ನಿನಗೆ ಯಾರೂ ಶಾಭಾಸ್ ಅಂದಿರಲಿಕ್ಕಿಲ್ಲ. ನಾನು ಅನ್ನುತ್ತಿದ್ದೇನೆ. ಆ ನಾಲ್ಕನ್ನು ಸರಿ ಬರೆದಿದ್ದೆಯಲ್ಲ, ತಾಯಿ.

ನಾಳೆ ಗಾಡಿ ಹೋದ ಮೇಲೆ ಮನೆಗೆ ಬಂದು ಐದನೆಯ ಪುಟ ತೆಗೆದು ನೋಡುತ್ತೇನೆ. ನಾಡಿದ್ದೂ ನೋಡುತ್ತೇನೆ.

ಇತಿ ನಿನ್ನ ಹಾಲವ್ವ