ಅಮ್ಮನ ಪಕ್ಕದಲ್ಲಿ ನೀನು

ಜುಲೈ ೧೪, ಭಾನುವಾರ

ಮುದ್ದು ಗುಬ್ಬಿಗೆ,

ಅಕ್ಕನ ಪ್ರೀತಿಯ ನೆನಪುಗಳು. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀವೂ ಅಲ್ಲಿ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಮೇಲ್ ಬಂದು ತುಂಬಾ ದಿನವಾಯ್ತು, ಉತ್ತರ ತಡವಾಯ್ತು, ಬೇಜಾರು ಮಾಡ್ಕೋಬೇಡ. ಮೇಲ್‌ನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ನೀನು ಮೊದಲ ಎರಡು ಸಾಲು ಓದಿ ಅಳಿಸಿಬಿಡುವವಳು. ಕಾಗದ ಆದರೆ ಕೈಯಲ್ಲಿ ಹಿಡಿದು ಕೂರಲೇಬೇಕು. ಕೂತ್ಕೊ.

ಕನ್ನಡಕದ ಅಂಗಡಿ ಹಾಗೇ ನಡೀತಿದೆ. ದಿನವಿಡೀ ಅವರಿವರ ಮೂಗಿನ ಮೇಲೆ ಫ್ರೇಮು ಕೂರಿಸಿ, "ಈಗ ಕಾಣುತ್ತಾ? ಈಗ?" ಅಂತ ಕೇಳೋದೇ ನನ್ನ ಬಾಳು. ನಿನ್ನ ಭಾವ ಬಸ್ಸು ಓಡಿಸೋದು ಬಿಟ್ಟು ವರ್ಷವಾದರೂ, ಟಿವಿಯಲ್ಲಿ ಯಾವುದಾದರೂ ಗಾಡಿ ಅಡ್ಡ ಬಂದರೆ ಅವರ ಬಲಗಾಲು ಬ್ರೇಕು ಹುಡುಕುತ್ತೆ. ಅಮ್ಮ ಹೋದ ಮೇಲೂ ಅವಳ ಕುರ್ಚಿ ಕಿಟಕಿ ಪಕ್ಕದಲ್ಲೇ ಇದೆ. ಒಗೆದ ಬಟ್ಟೆ ಮಡಿಸೋವರೆಗೂ ಅದರ ಮೇಲೆ ಬಿದ್ದಿರುತ್ತೆ.

ಸರಿ, ನೀನು ಕೇಳಿದ ವಿಷಯಕ್ಕೆ ಬರ್ತೀನಿ. "ಅಕ್ಕಾ, ಅಮ್ಮನ ಮುಖ ಕಣ್ಣಿಗೆ ಕಟ್ಟುತ್ತಲೇ ಇಲ್ಲ. ನಾನೂ ಅಮ್ಮನೂ ಇರೋ ಫೋಟೊ ಎಲ್ಲಾ ಕಳಿಸು. ನನ್ನ ಹತ್ತಿರ ಒಂದೂ ಇಲ್ಲ" ಅಂತ ಬರೆದಿದ್ದೀಯ. ಯಾಕೆ ಇಲ್ಲ ಅಂತ ನನಗೆ ಗೊತ್ತು ಕಣೇ. ಹೋದ ವರ್ಷ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತು ನೀನು ನನಗೆ ಮಾಡಿದ ಪಾಠ ಮರೆಯೋಕಾಗುತ್ತಾ? "ಏನಕ್ಕಾ ಇದು, ಹೊಸ ಫೋಲ್ಡರ್, ಹೊಸ ಫೋಲ್ಡರ್ ಎರಡು, ಮೂರು! ಒಂದೇ ಫೋಟೊ ನಾಲ್ಕು ಕಡೆ!" ಅಂತ ರೇಗಿದೆ. ವರ್ಷಕ್ಕೊಂದು ಫೋಲ್ಡರ್ ಮಾಡಿಸಿದೆ, ಒಳಗೆ ತಿಂಗಳಿಗೊಂದು. ಪ್ರತಿ ಫೋಟೊದ ಹೆಸರೂ ತಾರೀಖಿನಿಂದಲೇ ಶುರುವಾಗಬೇಕು ಅಂದೆ. ಕೊನೆಗೆ, "ಅಮ್ಮನ ಫೋಟೊ ಎಲ್ಲಾ ನಿನ್ನ ಹತ್ತಿರ ಇರಲಿ, ನನ್ನದು ಅಳಿಸ್ತೀನಿ, ಎರಡೆರಡು ಮನೆಯಲ್ಲಿ ಯಾಕೆ?" ಅಂದೆ. ಇರಲಿ ಬಿಡೇ, ಎರಡು ಕಡೆ ಇದ್ದರೆ ಏನು ಗಂಟು ಹೋಗುತ್ತೆ ಅಂತ ನಾನು ಅಂದದ್ದಕ್ಕೆ, "ನಿನಗೆ ಎಸೆಯೋದೇ ಗೊತ್ತಿಲ್ಲ ಅಕ್ಕಾ" ಅಂತ ನಕ್ಕೆ.

ಈಗ ಗೊತ್ತಾಗಿದೆ.

ನಿನ್ನ ಮೇಲ್ ಓದಿದ ಮೇಲೆ, ಕಳಿಸೋ ಮುಂಚೆ ಅಚ್ಚುಕಟ್ಟು ಮಾಡೋಣ ಅಂತ ಕೂತೆ. ನಿನಗೆ ಕಸ ಕಳಿಸಿದರೆ ಮತ್ತೆ ಬೈತೀಯಲ್ಲ. ಅಂಗಡಿಯ ಬಿಲ್ಲಿನ ಮೆಷಿನ್ ರಿಪೇರಿ ಮಾಡೋಕೆ ಬರುವ ದಪ್ಪ ಮನುಷ್ಯ ಇದ್ದಾರಲ್ಲ, ಅವರು ಒಂದು ಪ್ರೋಗ್ರಾಮ್ ಹಾಕಿಕೊಟ್ಟರು. ಅದು ಬರೀ ಹೆಸರು ನೋಡೋದಿಲ್ಲ, ಚಿತ್ರವನ್ನೇ ನೋಡುತ್ತೆ. ಒಂದೇ ಥರ ಕಂಡದ್ದನ್ನೆಲ್ಲ ಗುಂಪು ಮಾಡಿ ಮುಂದಿಡುತ್ತೆ, ಯಾವುದನ್ನು ಉಳಿಸಲಿ ಅಂತ ಕೇಳುತ್ತೆ. "ಕಣ್ಣಿಟ್ಟು ನೋಡಿ ಅಳಿಸಿ ಅಮ್ಮಾ, ಒಂದೊಂದು ಸಲ ಬೇರೆ ಬೇರೆ ಫೋಟೊನೂ ಒಂದೇ ಅಂದುಬಿಡುತ್ತೆ" ಅಂತ ಅವರು ಹೇಳಿಯೇ ಹೋದರು. ನಾನು ಕಣ್ಣಿಟ್ಟೇ ನೋಡಿದೆ ಗುಬ್ಬಿ. ಅದೇ ತಾನೇ ನನ್ನ ಕಸುಬು.

ಹಳೇ ಆಲ್ಬಮ್‌ನಿಂದ ಸ್ಕ್ಯಾನ್ ಮಾಡಿದ್ದು, ನಿನ್ನ ಮದುವೆಯದು, ಒಂದೊಂದೂ ಎರಡು ಮೂರು ನಕಲು. ಚಕಚಕ ಮುಗೀತು. ಆಮೇಲೆ ಒಂದು ದೊಡ್ಡ ಗುಂಪು ಬಂತು. ಪರದೆ ತುಂಬಾ ನೀನು. ಅಮ್ಮನ ಕುರ್ಚಿ ಪಕ್ಕ ಮಂಡಿಯೂರಿ, ಅಮ್ಮನ ಹೆಗಲ ಮೇಲೆ ಗಲ್ಲ ಇಟ್ಟು, ತೋಳು ಹಿಡಿದು, ಹಲ್ಲು ಕಿರಿದು. ಅದೇ ಕಿಟಕಿ, ಅಮ್ಮನ ಅದೇ ಬೂದು ಸ್ವೆಟರ್, ನಿನ್ನ ಅದೇ ಕಪ್ಪು ಜಾಕೆಟ್. ಆ ಜಾಕೆಟ್ ನಮ್ಮ ಮನೆಯಲ್ಲಿ ಎಂದಾದರೂ ಬಿಚ್ಚಿದ್ದೀಯಾ ನೀನು? ಬಂದವಳೇ ಬ್ಯಾಗು ಇಟ್ಟು, "ಅಕ್ಕಾ, ಬೇಗ ಒಂದು ತೆಗಿ" ಅಂತಿದ್ದೆ. ನಾನು ಅಮ್ಮನ ಗಲೀಜು ಬಟ್ಟೆ ನೆನೆಸಿಟ್ಟು ಕೈ ಒರೆಸಿಕೊಂಡು ಬಂದು ತೆಗೀತಿದ್ದೆ. ಟೀ ಆರೋ ಮುಂಚೆ ನಿನ್ನ ಕಾರು ಹೊರಟಿರುತ್ತಿತ್ತು.

ಬೇರೆ ಬೇರೆ ವರ್ಷ, ಬೇರೆ ಬೇರೆ ತಿಂಗಳು. ಮೆಷಿನ್ನಿಗೆ ಮಾತ್ರ ನೀನು ಬಂದಿದ್ದೆಲ್ಲ ಒಂದೇ ಸಲ. ಅದನ್ನು ನೋಡಿ ನಾನು ಎಷ್ಟು ನಕ್ಕೆ ಅಂದರೆ, ನಿನ್ನ ಭಾವ ಟಿವಿ ಬಿಟ್ಟು ಎದ್ದು ಬಂದರು. ತೋರಿಸಿದೆ. ನೋಡಿದರು. "ಪಾಪ, ಕಳಿಸಿಬಿಡೇ. ಅವಳಿಗೂ ಅಮ್ಮನೇ ಅಲ್ವಾ?" ಅಂದರು. "ಅಮ್ಮನ್ನ ಒಂದು ರಾತ್ರಿ ನೋಡ್ಕೋ ಅಂದಾಗ ಮೀಟಿಂಗು ಇತ್ತಲ್ಲ ಅವಳಿಗೆ, ಆಗ ಅಮ್ಮ ಅಲ್ವಾ?" ಅಂದೆ. ಅವರು ವಾಪಸ್ ಟಿವಿ ಮುಂದೆ ಹೋಗಿ ಕೂತರು.

ಯಾವುದನ್ನು ಉಳಿಸಲಿ ಅಂತ ಪ್ರೋಗ್ರಾಮ್ ಕೇಳುತ್ತಾ ಇತ್ತು. ಎಲ್ಲಕ್ಕಿಂತ ಸ್ಪಷ್ಟವಾಗಿರೋದಕ್ಕೆ ತಾನೇ ಗುರುತು ಹಾಕಿತ್ತು. ಅದರಲ್ಲಿ ಅಮ್ಮ ನಿನ್ನ ಕೆನ್ನೆ ಸವರುತ್ತಾ ನಗ್ತಿದ್ದಾಳೆ, ಹಲ್ಲಿಲ್ಲದ ಬಾಯಿ ತುಂಬಾ. ಆ ಗುರುತು ನಾನು ತೆಗೆದುಹಾಕಿದೆ. ನಾನು ಉಳಿಸಿದ್ದು ಬೇರೆ. ಅದರಲ್ಲಿ ಅಮ್ಮ ಕಣ್ಣು ಮುಚ್ಚಿದ್ದಾಳೆ, ನೀನು ಕೆಳಗೆ ಬಗ್ಗಿ ನಿನ್ನ ಮೊಬೈಲ್ ನೋಡ್ತಿದ್ದೀಯ. ನಿನ್ನ ಮುಖ ಕಾಣಲ್ಲ, ಬೈತಲೆ ಕಾಣುತ್ತೆ. ನಿನ್ನ ಪಾಠದ ಪ್ರಕಾರವೇ ಹೆಸರಿಟ್ಟಿದ್ದೇನೆ, ತಾರೀಖು ಮೊದಲು. ಉಳಿದದ್ದೆಲ್ಲ ಕಸದ ಬುಟ್ಟಿಗೆ ಹೋಯ್ತು.

ಬುಟ್ಟಿಯನ್ನು ಅವತ್ತೇ ಖಾಲಿ ಮಾಡಲಿಲ್ಲ. ನಾನೇನೂ ರಾಕ್ಷಸಿ ಅಲ್ಲ. ನನಗೆ ಜ್ವರ ಬಂದು ಮಲಗಿದ್ದಾಗ ನಿನ್ನ ಫೋನು ಬಂತು. ಭಾವ ಎತ್ತಿ, "ಅಕ್ಕನಿಗೆ ಮೈ ಸುಡ್ತಿದೆ, ಮಲಗಿದ್ದಾಳೆ" ಅಂದರು. ಸ್ಪೀಕರ್ ಹಾಕಿದ್ದರು, ನನಗೂ ಕೇಳಿಸಿತು. "ಓ, ಹೌದಾ? ಸರಿ ಭಾವ, ಫೋಟೊ ವಿಷಯ ಒಂಚೂರು ನೆನಪಿಸಿ" ಅಂದೆ ನೀನು. ಎಷ್ಟು ಜ್ವರ, ಡಾಕ್ಟರ ಹತ್ತಿರ ಹೋಗಿದ್ರಾ, ಏನಾದರೂ ತಿಂದಳಾ, ಒಂದಾದರೂ ಕೇಳಿದ್ದರೆ ಎದ್ದು ಎಲ್ಲವನ್ನೂ ವಾಪಸ್ ಎತ್ತಿಡ್ತಿದ್ದೆ ಕಣೇ. ಅಮ್ಮನಾಣೆ ಎತ್ತಿಡ್ತಿದ್ದೆ. ನೀನು ಕೇಳಲಿಲ್ಲ. ಕಂಬಳಿ ಸುತ್ತಿಕೊಂಡೇ ಹೋಗಿ ಬುಟ್ಟಿ ಖಾಲಿ ಮಾಡಿ ಬಂದು ಮಲಗಿದೆ. ಜ್ವರವೂ ಇಳೀತು.

ಖಾಲಿ ಮಾಡಿದರೂ ವಾಪಸ್ ತೆಗೀಬಹುದು ಅಂತ ನಿನ್ನ ತಲೆ ಈಗ ಓಡ್ತಿರಬೇಕು. ನಾನೂ ರಿಪೇರಿಯವರನ್ನು ವಿಚಾರಿಸಿದೆ. "ತೆಗೀಬಹುದು ಅಮ್ಮಾ, ಆದರೆ ಆ ಜಾಗದಲ್ಲಿ ಬೇರೆ ಏನೂ ತುಂಬಿರಬಾರದು" ಅಂದರು. ಅದಕ್ಕೇ ನಿನ್ನ ಭಾವ ನೋಡೋ ಕುಸ್ತಿಯ ವಿಡಿಯೊ ಎಲ್ಲಾ ತುಂಬಿಸಿದೆ, ಇನ್ನು ಜಾಗವಿಲ್ಲ ಅಂತ ಕಂಪ್ಯೂಟರೇ ಗೋಗರೆಯೋವರೆಗೂ. ಅವರಿಗಂತೂ ಖುಷಿಯೋ ಖುಷಿ.

ಉಳಿದ ಆ ಒಂದನ್ನು ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಮದುವೆಯದು, ಹಳೇ ಆಲ್ಬಮ್‌ನದು ನನ್ನ ಹತ್ತಿರವೇ ಇರಲಿ, ಎರಡೆರಡು ಮನೆಯಲ್ಲಿ ಯಾಕೆ? ಅಮ್ಮನ ಮುಖ ಕಣ್ಣಿಗೆ ಕಟ್ಟದಿದ್ದರೆ ಅದನ್ನು ನೋಡು. ಮಗಳಿಗೆ ಈ ದೊಡ್ಡಮ್ಮನ ಮುದ್ದು ಹೇಳು, ಅವಳು ಚೆನ್ನಾಗಿ ಓದಲಿ. ನಿನಗೂ ನಿನ್ನ ಯಜಮಾನರಿಗೂ ಒಳ್ಳೆಯದಾಗಲಿ, ನೂರು ಕಾಲ ತಣ್ಣಗಿರಿ. ಆ ಕಪ್ಪು ಜಾಕೆಟ್ ಆಗಾಗ ಒಗೀತಿರು.

ಇಂತಿ,
ನಿನ್ನ ಅಕ್ಕ

ತಾ.ಕ.: ಕಾಗದ ಮಡಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಅಮ್ಮನಿಗೆ ಮರೆವು ಜಾಸ್ತಿಯಾದ ಮೇಲೆ ಬೆಳಗಿನ ಹೊತ್ತು ಕಂಪ್ಯೂಟರಿನಲ್ಲಿ ನಿನ್ನ ಫೋಟೊಗಳನ್ನು ಒಂದಾದ ಮೇಲೊಂದು ಓಡಿಸಿ ಮುಂದೆ ಕೂರಿಸ್ತಿದ್ದೆ, ಆಗ ಮಾತ್ರ ತಂಟೆ ಮಾಡದೆ ಊಟ ಮಾಡ್ತಿದ್ದಳು. "ನನ್ನ ಮಗಳು, ನನ್ನ ಮಗಳು" ಅಂತ ಪರದೆ ಮುಟ್ಟುತ್ತಿದ್ದಳು. ತುತ್ತು ಕೊಡ್ತಿದ್ದ ನನ್ನನ್ನು, "ನೀವು ಯಾವಾಗ ಮನೆಗೆ ಹೋಗ್ತೀರಮ್ಮಾ?" ಅಂತ ಕೇಳುತ್ತಿದ್ದಳು. ಯಾಕೆ ಅಂತ ನನಗೆ ಆಮೇಲೆ ಹೊಳೀತು. ಎಲ್ಲಾ ಫೋಟೊ ತೆಗೆದವಳು ನಾನು, ನಾನು ಯಾವುದರಲ್ಲೂ ಇರಲಿಲ್ಲ. ನಾನೂ ಒಂದು ತೆಗೆದುಕೊಂಡರೆ ನನ್ನನ್ನೂ ಗುರುತು ಹಿಡೀತಾಳೇನೋ ಅಂತ ಕ್ಯಾಮೆರಾ ತಾನಾಗಿ ಹೊಡೆಯೋ ಹಾಗೆ ಇಟ್ಟು, ನಿನ್ನ ಹಾಗೇ ಮಂಡಿಯೂರಿ, ನಿನ್ನ ಹಾಗೇ ಅಮ್ಮನ ಹೆಗಲಿಗೆ ಗಲ್ಲ ಇಟ್ಟೆ. ಅಮ್ಮ ನನ್ನನ್ನು ತಳ್ಳಿದಳು. "ಸ್ವಲ್ಪ ಆ ಕಡೆ ಸರೀರಿ, ಇಲ್ಲಿ ನನ್ನ ಮಗಳು ಕೂರ್ತಾಳೆ" ಅಂದಳು. ಅಷ್ಟರಲ್ಲಿ ಕ್ಯಾಮೆರಾ ಹೊಡೀತು. ಅಮ್ಮನ ಅಂಗೈ ನನ್ನ ಎದೆ ಮೇಲಿದೆ, ಮುಖ ಆ ಕಡೆ ತಿರುಗಿದೆ. ಆ ವರ್ಷಗಳ ಅಮ್ಮನ ಜೊತೆ ನನಗಿರೋದು ಅದೊಂದೇ. ಪ್ರೋಗ್ರಾಮ್ ಅದನ್ನು ಯಾವ ಗುಂಪಿಗೂ ಸೇರಿಸಲಿಲ್ಲ. ನೀನು ಬೈದರೂ ಬೈದುಕೊ ಗುಬ್ಬಿ, ಅದಕ್ಕೆ ಮಾತ್ರ ಎಲ್ಲಾ ಫೋಲ್ಡರಿನಲ್ಲೂ ಒಂದೊಂದು ನಕಲು ಮಾಡಿ ಇಟ್ಟುಕೊಂಡಿದ್ದೇನೆ.